ಎರಡೂ ಹೇಳು ಅಂದಿದ್ದರು

ಮೊನ್ನೆ ಅಂಗಡಿಯ ಕಪಾಟು ಜಾಡಿಸುವಾಗ ಹಳೆಯ ಕಾರ್ಬನ್ ಹಾಳೆಗಳ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ಪಕ್ಕದ ಮನೆಯ ಪೊಲೀಸ್ ಜಮಾದಾರರು ಎದುರಿಗೆ ಬಂದು ನಿಂತಂತಾಯಿತು. ಪಂಚನಾಮೆ ಬರೆಯಲು ನನ್ನಲ್ಲಿಂದ ಕಾರ್ಬನ್ ಒಯ್ಯುತ್ತಿದ್ದವರು ಅವರೇ. ಠಾಣೆಯ ಎದುರು ಅಂಗಡಿ ಇಟ್ಟವನಿಗೆ ಪಂಚನಾಗಿ, ಅಂದರೆ ಸಾಕ್ಷಿಯಾಗಿ, ಸಹಿ ಹಾಕುವುದು ಬಿಟ್ಟಿ ಚಾಕರಿ. ಖಾಲಿ ಹಾಳೆಗೆ ಸಹಿ ತೆಗೆದುಕೊಂಡು, ಬರೆಯುವುದನ್ನು ಆಮೇಲೆ ಬರೆದುಕೊಳ್ಳುತ್ತಿದ್ದರು. ಅಂಥ ಎಷ್ಟು ಹಾಳೆಗಳೋ...

ಜಮಾದಾರರನ್ನು ನಾನು ಕಾಕಾ ಎನ್ನುತ್ತಿದ್ದೆ. ಅವ್ವ ಜಾರಿ ಬಿದ್ದಾಗ ಎತ್ತಿಕೊಂಡು ಶಹಾಪುರದ ಆಸ್ಪತ್ರೆಗೆ ಒಯ್ದವರು ಅವರು. ಅದೇ ಮನುಷ್ಯ ಒಬ್ಬನ ಕೈ ಮುರಿದದ್ದನ್ನೂ ಕಣ್ಣಾರೆ ಕಂಡೆ.

ಸುರಪುರದ ಕಡೆಯ ಕೂಲಿಕಾರನೊಬ್ಬನನ್ನು ಪಂಪ್‌ಸೆಟ್ ಕಳವಿನ ಸಂಶಯದ ಮೇಲೆ ಹಿಡಿದು ತಂದಿದ್ದರು. ಸಹಿಗೆಂದು ಕರೆದಿದ್ದರಿಂದ ನಾನೂ ಒಳಗಿದ್ದೆ. ಠಾಣೆಯ ಸಾಹೇಬರು ಬಾಗಿಲಲ್ಲಿ ನಿಂತು, "ಒಪ್ಕೊಳ್ಳೋತನಕ ಬಿಡಬ್ಯಾಡ ಜಮಾದಾರ" ಅಂದರು. ಕಾಕಾ ಲಾಠಿ ಎತ್ತಿದರು. ಕದ್ದವನು ಬೇರೆಯವನೆಂದು ಮರುವಾರ ಗೊತ್ತಾಯಿತು.

ಕೂಲಿಕಾರನ ಹೆಂಡತಿ ಗಟ್ಟಿಗಿತ್ತಿ, ದೂರು ಕೊಟ್ಟಳು. ಯಾದಗಿರಿಯ ವಿಚಾರಣೆಗೆ ನನಗೂ ಕರೆ ಬಂತು. ಹೊರಡುವ ಮುಂಜಾನೆ ಕಾಕಾ ತಮ್ಮ ಕಟ್ಟೆಯ ಮೇಲೆ ಕೂತಿದ್ದರು.

"ನಾ ಹೊಡದೀನಿ, ಮುಚ್ಚಬ್ಯಾಡ. ಹೊಡಿ ಅಂದವರು ಯಾರಂತ ನಿನಗ ಗೊತ್ತೈತಿ. ಎರಡೂ ಹೇಳು ತಮ್ಮಾ."

"ಹೇಳ್ತೀನ್ರಿ ಕಾಕಾ" ಎಂದು ಬಸ್ಸು ಹತ್ತಿದೆ.

ಒಂದನ್ನೇ ಹೇಳಿದೆ. "ಸಾಹೇಬ್ರು ಅಲ್ಲಿದ್ರೇನು?" ಎಂದು ವಿಚಾರಣೆಯ ಅಧಿಕಾರಿ ಕೇಳಿದಾಗ ಕಣ್ಣ ಮುಂದೆ ಬಂದದ್ದು ಠಾಣೆಯ ಎದುರಿನ ನನ್ನ ಅಂಗಡಿ. ಹೆದರಿಬಿಟ್ಟೆ. "ನಾ ನೋಡಿಲ್ರಿ" ಅಂದೆ. ಈ ಸಲ ಹಾಳೆ ಖಾಲಿ ಇರಲಿಲ್ಲ. ಪೂರ್ತಿ ಓದಿಯೇ ಸಹಿ ಹಾಕಿದೆ.

ಕಾಕಾನ ನೌಕರಿ ಹೋಯಿತು. ಹೋಗಬೇಕಾದದ್ದೇ, ಅದಕ್ಕೆ ನನ್ನ ತಕರಾರಿಲ್ಲ. ಸಾಹೇಬರಿಗೆ ಬಡ್ತಿ ಸಿಕ್ಕಿತಲ್ಲ, ಅದು ನೆನಪಾದರೆ ಮೈಯೆಲ್ಲ ಉರಿಯುತ್ತದೆ. ಉರಿದು ಏನು ಬಂತು, ದಾರಿ ಮಾಡಿಕೊಟ್ಟವನು ನಾನೇ. ಕಾಕಾ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಕಟ್ಟೆ ಬಿಟ್ಟು ಹಿತ್ತಲಲ್ಲಿ ಕೂರತೊಡಗಿದರು. ಹೋದ ವರ್ಷ ತೀರಿಕೊಂಡರು. ಇವತ್ತು ಕೇಳೋಣ, ನಾಳೆ ಕೇಳೋಣ ಎನ್ನುತ್ತ ಕ್ಷಮೆ ಕೇಳುವುದು ಹಾಗೇ ಉಳಿಯಿತು...

ಕೂಲಿಕಾರ ಈಗಲೂ ಸಂತೆಗೆ ಬಂದಾಗೆಲ್ಲ ನನ್ನನ್ನು ಮಾತಾಡಿಸಿಯೇ ಹೋಗುತ್ತಾನೆ. ನಿನ್ನೆಯೂ ಬಂದಿದ್ದ. ಸೊಟ್ಟಗಾದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಜೋಡಿಸಿ ನಮಸ್ಕಾರ ಮಾಡಿದ.

"ಸಾಹೇಬ್ರು ಹ್ಯಾಂಗೋ ಪಾರಾದ್ರು. ನೀವಾದ್ರೂ ಇದ್ದದ್ದೆಲ್ಲಾ ಹೇಳಿದ್ರಿ, ಅಣ್ಣಾರ" ಅಂದ.

ನಾನು ಅವನಿಗೆ ಚಹಾ ತರಿಸಿದೆ.