ಸಾಕು ಕಣ್ರೀ

ದೆವ್ವ, ಪೀಡೆ, ಸತ್ತವರು ಬಂದು ಕರೆಯುವುದು, ಇಂಥ ಮಾತು ಶುರುವಾದರೆ ಎದ್ದು ಒಳಗೆ ಹೋಗುತ್ತಿದ್ದವಳು ನಾನು. ಹಾಸನದಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲಿನ ಹುಡುಗಿಯರು ಬಚ್ಚಲುಮನೆಯಲ್ಲಿ ಗೆಜ್ಜೆ ಸದ್ದು ಕೇಳಿತೆಂದು ಗುಂಪು ಕಟ್ಟಿಕೊಂಡು ಹೋಗುತ್ತಿದ್ದರೆ, ನಾನು ಬೇಕೆಂದೇ ಒಬ್ಬಳೇ ಹೋಗಿ ನಿಧಾನವಾಗಿ ಬಟ್ಟೆ ಒಗೆದುಕೊಂಡು ಬರುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ನನಗೇ ಮುಜುಗರ. ನೀವು ನಂಬಬೇಕೆಂದು ಕೇಳುವುದಿಲ್ಲ. ನಂಬಬೇಕೋ ಬೇಡವೋ ನನಗೇ ಇನ್ನೂ ತಿಳಿದಿಲ್ಲ. ಆದದ್ದನ್ನು ಆದಂತೆ ಹೇಳುತ್ತೇನೆ.

ನನ್ನ ತವರು ಆಲೂರಿನ ಕಡೆ. ಮದುವೆಯಾದಾಗಿನಿಂದ ನಾವು ಮಸ್ಕತ್‌ನಲ್ಲಿದ್ದೇವೆ. ಮಗಳು ಸಿರಿ ಹುಟ್ಟಿದ್ದು ಅಲ್ಲೇ. ಅವಳ ಗೆಳತಿಯರೆಲ್ಲ ಬೇಸಿಗೆ ರಜೆಗೆ ಯಾವುದಾದರೂ ದೇಶಕ್ಕೆ ಹೋಗಿ, ಅಲ್ಲಿ ಕಾರು ಬಾಡಿಗೆಗೆ ಹಿಡಿದು ಊರೂರು ಸುತ್ತಿ ಬರುತ್ತಾರೆ. ಮೂರು ವರ್ಷದ ಹಿಂದೆ, ಆಗ ಅವಳಿಗೆ ಏಳು ವರ್ಷ, ನಾವೂ ಹಾಗೆ ಹೋಗಬೇಕೆಂದು ಹಟ ಹಿಡಿದಳು. "ಆಯ್ತು, ಪರದೇಶಕ್ಕೇ ಹೋಗೋಣ. ನಿಮ್ಮಮ್ಮನ ದೇಶಕ್ಕೆ" ಎಂದರು ನನ್ನ ಗಂಡ ಗಿರೀಶ್. ತಮಾಷೆಗೆ ಅಂದ ಮಾತು, ಆದರೆ ಸಿರಿಯ ಪಾಲಿಗೆ ಅದು ನಿಜವೇ ಆಗಿತ್ತು. ಅವಳು ಜಿಗಣೆ ಕಂಡದ್ದೂ ಆ ರಜೆಯಲ್ಲೇ ಮೊದಲು.

ಮೇ ತಿಂಗಳ ಕೊನೆ. ಅಣ್ಣನ ಮನೆಯಲ್ಲಿ ಎರಡು ದಿನ ಇದ್ದು, ಸಕಲೇಶಪುರದ ಬೆಟ್ಟಗಳ ಕಡೆ ನಾವೇ ಮೂವರು ಹೊರಡುವುದೆಂದು ಮಾಡಿಕೊಂಡೆವು. ಮದುವೆಗಳ ಕಾಲವಾದ್ದರಿಂದ ಬಾಡಿಗೆ ಕಾರುಗಳೆಲ್ಲ ಮುಂಚೆಯೇ ಹೋಗಿದ್ದವು. ಕೊನೆಗೆ ಅಣ್ಣ ಹಾನುಬಾಳಿನ ಮಲ್ಲೇಶಣ್ಣನ ಹೆಸರು ಹೇಳಿದ. ಮಲ್ಲೇಶಣ್ಣ ಮೊದಲು ಟ್ಯಾಕ್ಸಿ ಓಡಿಸುತ್ತಿದ್ದವರು, ಅರವತ್ತು ದಾಟಿದ ಮನುಷ್ಯ. ಅವರ ಹತ್ತಿರ ಬಿಳಿಯ ಹಳೇ ಅಂಬಾಸಿಡರ್ ಒಂದಿತ್ತು. ಗುರುತಿನವರು ಕೇಳಿದರೆ ಕೊಡುತ್ತಿದ್ದರು, ತಾವು ಮಾತ್ರ ಓಡಿಸುತ್ತಿರಲಿಲ್ಲ.

ಕಾರು ನೋಡಿ ಗಿರೀಶ್‌ಗೆ ಹಿಗ್ಗೋ ಹಿಗ್ಗು. ಬೀಗದ ಕೈ ಹಿಡಿದು ಓಡಿಹೋಗಿ ಎಡಗಡೆಯ ಬಾಗಿಲು ತೆಗೆದು ಕೂತುಬಿಟ್ಟರು. ಮಸ್ಕತ್‌ನಲ್ಲಿ ಸ್ಟೇರಿಂಗ್ ಇರುವುದು ಎಡಕ್ಕೆ.

"ಸಾರ್, ನಮ್ಮೂರಲ್ಲಿ ಸ್ಟೇರಿಂಗು ಇನ್ನೂ ಬಲಗಡೆನೇ ಐತೆ" ಎಂದರು ಮಲ್ಲೇಶಣ್ಣ. ನಾವೆಲ್ಲ ನಕ್ಕೆವು. ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಒಂದೇ ಮಾತು ಸಾರ್. ರಿವರ್ಸ್ ತಗಳೋವಾಗ ಯಾರನ್ನೂ ಹಿಂದ್ಗಡೆ ನಿಲ್ಲಿಸ್ಬ್ಯಾಡಿ. ಅಮ್ಮಾರನ್ನಂತೂ ಬ್ಯಾಡ" ಎಂದರು. ಗಿರೀಶ್ ಆಗಲಿ ಎಂದು, ಸಿರಿಯನ್ನು ಕೂರಿಸಿಕೊಂಡು ಊರಲ್ಲಿ ಒಂದು ಸುತ್ತು ಹಾಕಿ ಬರಲು ಹೋದರು.

ನಾನು ಜಗಲಿಯ ಮೇಲೆ ಕೂತೆ. ಯಾಕೆ ಹಾಗಂದಿರಿ ಎಂದು ಕೇಳಬಾರದಿತ್ತೋ ಏನೋ, ಕೇಳಿದೆ.

"ನಂಗೆ ಕತ್ತು ತಿರುಗಾಕಿಲ್ಲ ಕಣಮ್ಮ, ಹಳೇ ನೋವು. ಎಲ್ಲಿ ರಿವರ್ಸ್ ಇದ್ರೂ ನಮ್ಮನೆಯವ್ಳು ಸರೋಜ ಇಳಿದು ಹಿಂದೆ ನಿಂತ್ಕಂಡು ಬರ್ಲಿ, ಬರ್ಲಿ ಅನ್ನೋಳು. ಹೆಂಡ್ತಿನೇ ಕ್ಲೀನರ್ ಮಾಡ್ಕಂಡಿದೀಯಲ್ಲೋ ಮಾರಾಯ ಅಂತ ಊರ್ನೋರು ಆಡ್ಕಳೋರು." ಅವರು ಶೆಡ್ಡಿನ ಕಡೆ ನೋಡಲಿಲ್ಲ. "ಆವತ್ತು ಮಳೆ. ಶೆಡ್ಡಿಗೆ ಹಾಕ್ತಿದ್ದೆ. ಹಿಂದೆ ಗೋಡೆ. ಬರ್ಲಿ ಅಂದಿದ್ದು ಕೇಳ್ತು. ಸಾಕು ಅಂದಿದ್ದು ಕೇಳ್ಲಿಲ್ಲ."

ತಾವೇ ತಿದ್ದಿಕೊಂಡರು. "ಅವ್ಳು ಅನ್ಲೇ ಇಲ್ಲ. ಕಾಲು ಜಾರೈತೆ, ಅನ್ನಾಕೆ ಪುರ್ಸೊತ್ತೇ ಆಗಿಲ್ಲ. ಆಸ್ಪತ್ರೇಲೂ ಹಂಗೇ ಅಂದ್ರು. ಅಂದಿದ್ರೆ ನಂಗೆ ಕೇಳ್ತಿತ್ತು, ಅಲ್ವೇನಮ್ಮ? ಇಪ್ಪತ್ತೆಂಟು ವರ್ಷ ಕೇಳಿದ್ ದನಿ."

ಆ ಪ್ರಶ್ನೆಯನ್ನು ಅವರು ಎಷ್ಟು ಜನಕ್ಕೆ ಕೇಳಿದ್ದರೋ. ಒಬ್ಬರಾದರೂ ಇಲ್ಲ ಎಂದುಬಿಟ್ಟರೆ ಆ ಮನುಷ್ಯ ಬದುಕುವುದು ಕಷ್ಟ ಎಂದು ನನಗೆ ಅನ್ನಿಸಿತು. ಹೌದು, ಕೇಳಿರುತ್ತಿತ್ತು ಎಂದೆ. ಗಿರೀಶ್‌ಗೆ ಈ ವಿಷಯ ಹೇಳಲಿಲ್ಲ. ಹೇಳಿದ್ದರೆ ಅವರು ಆ ಕಾರು ಮುಟ್ಟುತ್ತಿರಲಿಲ್ಲ, ಸಿರಿಯ ಪ್ರವಾಸ ಅಲ್ಲಿಗೇ ಮುಗಿಯುತ್ತಿತ್ತು. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ. ಸರೋಜಮ್ಮನ ಕಥೆ ಗೊತ್ತಿದ್ದದ್ದು ನನಗೊಬ್ಬಳಿಗೆ.

ಹೆತ್ತೂರಿನ ಹತ್ತಿರ ಒಂದು ಹೋಂಸ್ಟೇಯಲ್ಲಿ ಇಳಿದುಕೊಂಡೆವು. ಮೊದಲ ದಿನ ಚೆನ್ನಾಗಿ ಕಳೆಯಿತು. ಎರಡನೆಯ ದಿನ ಯಸಳೂರಿನ ಕಡೆ ಹೋಗಿ ವಾಪಸು ಬರುವಾಗ ಮುಂದೆ ಮರ ಬಿದ್ದಿದೆ, ತೆಗೆಯಲು ಹೊತ್ತಾಗುತ್ತದೆ ಎಂದು ಎದುರಿಗೆ ಬಂದ ಜೀಪಿನವರು ಹೇಳಿದರು. ಎಸ್ಟೇಟಿನೊಳಗಿಂದ ಒಂದು ದಾರಿ ಇದೆಯೆಂದೂ ಅವರೇ ತೋರಿಸಿದರು. ಸಂಜೆ ಐದು ಗಂಟೆಯೂ ಆಗಿರಲಿಲ್ಲ. ಆದರೆ ಮಳೆ ಹೊಯ್ದು ನಿಂತಿತ್ತು, ಕಾಫಿ ಗಿಡಗಳ ನಡುವಿನಿಂದ ಮಂಜು ಏಳುತ್ತಿತ್ತು. ಬಲಕ್ಕೆ ಗುಡ್ಡ ಕಡಿದ ಎತ್ತರದ ದರೆ, ಎಡಕ್ಕೆ ಕಣಿವೆ, ನಡುವೆ ಒಂದೇ ಗಾಡಿ ಹಿಡಿಯುವಷ್ಟು ರಸ್ತೆ. ಸಿರಿ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟಿದ್ದಳು.

ಒಂದು ತಿರುವು ದಾಟಿ ಸ್ವಲ್ಪ ಮುಂದೆ ಹೋದಾಗ ದರೆಯ ಮೇಲಿನಿಂದ ಕಲ್ಲು ಉರುಳಿತು. ಅದರ ಹಿಂದೆಯೇ ಆನೆ ಇಳಿಯಿತು. ಅದರ ಹಿಂದೆ ಒಂದು ಮರಿ, ಆಮೇಲೆ ಇನ್ನೊಂದು ದೊಡ್ಡದು. ನಮಗೂ ಅವುಗಳಿಗೂ ನಡುವೆ ಒಂದು ಬಸ್ಸು ನಿಲ್ಲುವಷ್ಟು ಜಾಗ ಇತ್ತೇನೋ. ಮುಂದಿನ ಆನೆ ನಮ್ಮ ಕಡೆ ತಿರುಗಿ ಕಿವಿ ಅಗಲಿಸಿತು. ಆಲೂರಿನಲ್ಲಿ ಬೆಳೆದವಳಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಮರಿ ಜೊತೆಗಿದ್ದರೆ ತಾಯಿ ಕಾಯುವುದಿಲ್ಲ.

"ಹಿಂದಕ್ಕೆ ತಗೊಳ್ಳಿ" ಎಂದೆ. ನನ್ನ ದನಿ ನನಗೇ ಕೇಳಲಿಲ್ಲ.

ಗಿರೀಶ್ ರಿವರ್ಸ್ ಹಾಕಿದರು. ಆದರೆ ಅವರ ಮೈಗೆ ಇನ್ನೂ ಮಸ್ಕತ್ತಿನ ರೂಢಿ. ಅಲ್ಲಿಯಂತೆಯೇ ಬಲ ಭುಜದ ಮೇಲಿಂದ ತಿರುಗಿ ನೋಡಿದರು, ಅಲ್ಲಿ ಬಾಗಿಲಿನ ಕಂಬ ಬಿಟ್ಟರೆ ಏನೂ ಕಾಣದು. ಹಿಂದಿನ ಗಾಜಿನ ತುಂಬ ಮಂಜು. ನಾನು ಇಳಿದು ಹಿಂದೆ ನಿಲ್ಲೋಣವೆಂದರೆ ಎದುರಿಗೆ ಆನೆ. ಕಾರು ಸೊಟ್ಟಪಟ್ಟವಾಗಿ ಹಿಂದಕ್ಕೆ ಜರುಗತೊಡಗಿತು. ಆನೆ ಎರಡು ಹೆಜ್ಜೆ ಮುಂದೆ ಬಂತು.

ಆಗ ಹಿಂದಿನಿಂದ ಹೆಂಗಸೊಬ್ಬರ ದನಿ ಕೇಳಿತು. "ಬರ್ಲಿ... ಬರ್ಲಿ... ಬರ್ಲಿ..."

ಅದರಲ್ಲಿ ಹೆದರಿಕೆ ಹುಟ್ಟಿಸುವಂಥದ್ದು ಏನೂ ಇರಲಿಲ್ಲ. ದಿನಾ ಮಾಡುವ ಕೆಲಸವೊಂದನ್ನು ಮಾಡುತ್ತಿರುವವರ, ಸ್ವಲ್ಪ ದಣಿದ, ಸಮಾಧಾನದ ದನಿ. ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದು ಇಷ್ಟೇ, ಸದ್ಯ, ಯಾರೋ ಇದ್ದಾರೆ. ಗಿರೀಶ್ ಆ ದನಿಯನ್ನೇ ಹಿಡಿದು ಹಿಂದಕ್ಕೆ ಹೋದರು. "ಬಲಕ್ಕೊಂಚೂರು... ಬರ್ಲಿ" ಎಂದಿತು. ಅವರು ಬಲಕ್ಕೆ ತಿರುಗಿಸಿದರು. ತಿರುವು ದಾಟಿತು. ಆನೆ ಮರೆಯಾಯಿತು. ಆಮೇಲೆ ಅದೇ ದನಿ, ಏರದೆ ಇಳಿಯದೆ, "ಸಾಕು ಕಣ್ರೀ" ಎಂದಿತು.

ಗಿರೀಶ್ ಬ್ರೇಕ್ ಒತ್ತಿದರು. ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಕೆಳಗೆ ಕಾಫಿ ಗಿಡಗಳು ಮುರಿಯುವ ಸದ್ದು ಬಂತು, ದೂರವಾಯಿತು. ಸಿರಿ ಮಗ್ಗುಲಾಗಿ ಮತ್ತೆ ಮಲಗಿದಳು. ಗಿರೀಶ್ ಬಾಗಿಲು ತೆಗೆದು "ಅಕ್ಕಾ, ದೊಡ್ಡ ಉಪಕಾರ ಆಯ್ತು" ಎನ್ನುತ್ತ ಇಳಿದರು. ಇಳಿದವರು ಕಾರು ಹಿಡಿದುಕೊಂಡು ನಿಂತುಬಿಟ್ಟರು. ನಾನು ಅವರ ಬಾಗಿಲಿನಿಂದಲೇ ಜರುಗಿ ಇಳಿದು ನೋಡಿದೆ.

ಕಾರಿನ ಹಿಂದೆ ರಸ್ತೆ ಇರಲಿಲ್ಲ. ನಾವು ಆ ಜಾಗ ದಾಟಿ ಬಂದ ಮೇಲೆ ಮಣ್ಣು ಕುಸಿದು ರಸ್ತೆಯೇ ಕಣಿವೆಗೆ ಹೋಗಿತ್ತು. ಹಿಂದಿನ ಎಡಚಕ್ರಕ್ಕೂ ಆ ಅಂಚಿಗೂ ನಡುವೆ ಉಳಿದದ್ದು ಒಂದು ಗೇಣು. ದನಿ ಬಂದದ್ದು ನೇರ ಹಿಂದಿನಿಂದ. ಅಲ್ಲಿ ಒಬ್ಬರು ನಿಲ್ಲುವ ನೆಲವೇ ಇರಲಿಲ್ಲ.

ಇವತ್ತಿಗೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಆನೆಯಲ್ಲ, ಆ ಒಂದು ಗೇಣು. ಕಾರು ಜಾರಿದ್ದರೆ ಮೊದಲು ಹೋಗುತ್ತಿದ್ದದ್ದು ಹಿಂದಿನ ಸೀಟು.

ಕೂಗಿ ಕರೆದೆವು. ಯಾರೂ ಓಗೊಡಲಿಲ್ಲ. ಆನೆಗಳು ಇಳಿದುಹೋಗಿದ್ದರಿಂದ ಮುಂದಕ್ಕೇ ಹೊರಟು ಹೋಂಸ್ಟೇ ಸೇರಿದೆವು. ಆ ರಾತ್ರಿ ಗಿರೀಶ್‌ಗೆ ಸರೋಜಮ್ಮನ ವಿಷಯ ಹೇಳಿದೆ. ಅವರು, "ಎಸ್ಟೇಟಿನ ಕೆಲಸದ ಹೆಂಗಸು ಕಣೇ. ಕೆಳಗೆ ಎಲ್ಲೋ ಕಾಲುದಾರಿ ಇರುತ್ತೆ. ಮಂಜಲ್ಲಿ ಸದ್ದು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗಲ್ಲ" ಎಂದರು. ಇರಬಹುದು. ಬಿ.ಎಸ್ಸಿ. ಓದಿದವಳು ನಾನೂ ಅದನ್ನೇ ಹೇಳುತ್ತಿದ್ದೆ. ಬೆಳಿಗ್ಗೆ ಆ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರನ್ನು ವಿಚಾರಿಸಿದರೆ, ಆನೆ ಕಾಟಕ್ಕೆ ಆ ಭಾಗದ ಕೆಲಸದವರನ್ನು ಮೂರು ಗಂಟೆಗೇ ಅವರ ಲೈನ್ ಮನೆಗಳಿಗೆ ಕಳಿಸಿಬಿಡುತ್ತೇವೆ ಎಂದರು. ಹಾಗಂತ ಯಾರೂ ಸೌದೆಗೆ ಬಂದಿರಬಾರದೆಂದಿಲ್ಲ. ನನಗೆ ಅರಗದೆ ಉಳಿದದ್ದು ಒಂದೇ ಮಾತು. ಕೆಲಸದ ಹೆಂಗಸು ಕಾರಿನವರಿಗೆ "ಸಾಕು ಸಾರ್" ಅನ್ನುತ್ತಾಳೆ, ಅಥವಾ "ಸಾಕು, ನಿಲ್ಸಿ" ಅನ್ನುತ್ತಾಳೆ. "ಸಾಕು ಕಣ್ರೀ" ಎಂದು ಆ ರಾಗದಲ್ಲಿ ಅನ್ನುವುದು ಹೆಂಡತಿ.

ಮೂರನೆಯ ದಿನ ಕಾರು ಒಪ್ಪಿಸಲು ಹಾನುಬಾಳಿಗೆ ಹೋದೆವು. ಏನೂ ಹೇಳಬೇಡ ಎಂದು ಗಿರೀಶ್ ದಾರಿಯುದ್ದಕ್ಕೂ ಹೇಳಿದ್ದರು. ಆದರೆ ಮಲ್ಲೇಶಣ್ಣ ಸಿರಿಗೆ ಕಿತ್ತಳೆ ಸುಲಿದು ಕೊಡುತ್ತ, "ಪಾಪು ಕಾರಲ್ಲಿ ಹೆದರ್ಲಿಲ್ವಾ?" ಎಂದು ಕೇಳಿದಾಗ ನನಗೆ ತಡೆಯಲಾಗಲಿಲ್ಲ. ಅವರಿಗೆ ಸಮಾಧಾನವಾಗುತ್ತದೆ ಎಂದೇ ಅಂದುಕೊಂಡೆ. ನಿಮ್ಮ ಮನೆಯವರು ಎಲ್ಲಿಗೂ ಹೋಗಿಲ್ಲ, ನನ್ನ ಮಗಳನ್ನು ಉಳಿಸಿದರು ಎಂದು ಹೇಳುವುದು ನನ್ನ ಧರ್ಮ ಎನ್ನಿಸಿತು. ಎಲ್ಲ ಹೇಳಿದೆ.

ಅವರು ಅಳಲಿಲ್ಲ. ಕಿತ್ತಳೆಯ ಸಿಪ್ಪೆಯನ್ನು ಕೈಯಲ್ಲೇ ಇಟ್ಟುಕೊಂಡು ಕೇಳಿದರು.

"ಕಣ್ರೀ ಅಂದ್ಲಾ?"

"ಹೌದು ಅಣ್ಣ."

"ಕೂಗಿದ್ಲಾ?"

"ಇಲ್ಲ, ಮೆಲ್ಲಗೇ ಅಂದ್ರು."

"ಗಾಜು ಏರ್ಸಿತ್ತಾ?"

"ಏರಿಸಿತ್ತು."

"ಇಂಜಿನ್ನು ಓಡ್ತಿತ್ತು."

"ಹೂಂ."

ಅವರು ತಲೆಯಾಡಿಸಿದರು. "ಸಾರ್ ಅವಳನ್ನ ನೋಡೇ ಇಲ್ಲ. ಅವ್ರಿಗೆ ಕೇಳ್ತು" ಎಂದರು. ಆಮೇಲೆ ಸಿಪ್ಪೆಯನ್ನು ಜಗಲಿಯ ಅಂಚಿಗಿಟ್ಟು, "ಹಂಗಾರೆ ಆವತ್ತೂ ಅಂದಿರ್ತಾಳೆ ಕಣಮ್ಮ" ಎಂದರು.

ನಾನು ಏನು ಮಾಡಿದೆನೆಂದು ಆಗ ನನಗೆ ಅರ್ಥವಾಯಿತು. ಇಲ್ಲ ಅಣ್ಣ, ಹಾಗಲ್ಲ, ಆವತ್ತು ಮಳೆ ಜೋರಿತ್ತಲ್ಲ ಎಂದು ಏನೇನೋ ಹೇಳಿದೆ. ಅವರು ಗಿರೀಶ್ ಕೈಯಿಂದ ಬೀಗದ ಕೈ ತೆಗೆದುಕೊಂಡು, ಹುಷಾರಾಗಿ ಹೋಗಿ ಬನ್ನಿ ಎಂದು ಒಳಗೆ ಹೋದರು. ಬಾಗಿಲು ಹಾಕಿಕೊಂಡರು.

ಮಸ್ಕತ್‌ಗೆ ಬಂದು ಒಂದು ತಿಂಗಳಾದ ಮೇಲೆ ಫೋನ್ ಮಾಡಿದೆ. ಅದು ಎಸ್ಟೇಟಿನ ಹೆಂಗಸೇ ಅಂತೆ ಅಣ್ಣ, ಆಮೇಲೆ ವಿಚಾರಿಸಿದಾಗ ತಿಳಿಯಿತು ಎಂದು ಸುಳ್ಳು ಹೇಳಿದೆ. "ಇರ್ಬೋದು ಬುಡಿ. ಪಾಪು ಚೆನ್ನಾಗೈತಾ?" ಎಂದರು. ಮುಂದಿನ ವರ್ಷ ಅಣ್ಣ ಹೇಳಿದ, ಆ ಕಾರನ್ನು ಅವರು ಈಗ ಯಾರಿಗೂ ಕೊಡುವುದಿಲ್ಲವಂತೆ. ಮಳೆ ಬಂದಾಗ ಶೆಡ್ಡಿನಲ್ಲಿ ಗಾಜು ಏರಿಸಿಕೊಂಡು, ಇಂಜಿನ್ ಹಾಕಿಕೊಂಡು, ಒಳಗೆ ಒಬ್ಬರೇ ಕೂತಿರುತ್ತಾರಂತೆ.

ಅಲ್ಲಿ ಅವರಿಗೆ ಏನಾದರೂ ಕೇಳಿಸುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅವತ್ತು ಆ ರಸ್ತೆಯಲ್ಲಿ ನಮ್ಮ ಹಿಂದೆ ಇದ್ದದ್ದು ಸೌದೆಗೆ ಬಂದ ಯಾರೋ ಹೆಂಗಸಾಗಿದ್ದರೆ, ಒಬ್ಬ ಮನುಷ್ಯ ಹಿಡಿದುಕೊಂಡಿದ್ದ ಒಂದೇ ಒಂದು ಸಮಾಧಾನವನ್ನು ಅವಳ ಎರಡು ಮಾತಿನಿಂದ ನಾನು ಮುರಿದುಹಾಕಿದೆ. ಸರೋಜಮ್ಮನೇ ಆಗಿದ್ದರೆ, ನನ್ನ ಮಗಳನ್ನು ಉಳಿಸಿಕೊಟ್ಟದ್ದಕ್ಕೆ ಅವರ ಗಂಡನಿಗೆ ನಾನು ಕೊಟ್ಟದ್ದು ಇದು. ಯಾವುದು ನಿಜವೆಂದು ಮೂರು ವರ್ಷದಿಂದ ಯೋಚಿಸುತ್ತಿದ್ದೇನೆ. ಯಾವುದು ನಿಜವಾಗಿರಲಿ ಎಂದು ಬೇಡಿಕೊಳ್ಳಬೇಕೋ, ನನಗೆ ಅದೂ ತಿಳಿಯುವುದಿಲ್ಲ.