ಬೂದಿಯೊಳಗೆ ಇಳಿದ ಕಾಲು

ಬಬಲೇಶ್ವರದ ಹತ್ತಿರದ ಜೈನಾಪುರದಿಂದ ಮದುವೆಯಾಗಿ ನಾನು ವಿಜಯಪುರಕ್ಕೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಆಗ ಎಲ್ಲರ ಬಾಯಲ್ಲೂ ಅದು ಬಿಜಾಪುರ. ಯಜಮಾನರು ಊರಂಚಿನ ಒಂದು ಮಿಲ್ಲಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದರು. ಸರಕಾರದ ಕರೆಂಟನ್ನು ನಂಬುವಂತಿರಲಿಲ್ಲ ಎಂದು ಮಿಲ್ಲಿನವರು ತಮ್ಮದೇ ಸಣ್ಣ ಪವರ್‌ಹೌಸ್ ಇಟ್ಟುಕೊಂಡಿದ್ದರು. ಕೆಲಸಗಾರರ ಮನೆಗಳಿಗೂ ಅಲ್ಲಿಂದಲೇ ತಂತಿ ಎಳೆದಿದ್ದರು.

ಚಿಮಣಿ ಬೆಳಕಿನಲ್ಲಿ ಬೆಳೆದ ನಾನು, ಕರೆಂಟು ಎಂದರೆ ಅಣೆಕಟ್ಟಿನ ನೀರಿನಿಂದ ಬರುವುದು ಎಂದಷ್ಟೇ ಕೇಳಿದ್ದೆ. ಕಲ್ಲಿದ್ದಲಿನಿಂದ ಎಂದಾಗ ನಕ್ಕುಬಿಟ್ಟೆ.

"ನಗಬ್ಯಾಡ. ಕಲ್ಲಿದ್ದಲು ಉರದು ನೀರು ಕುದಸತೈತಿ, ಆ ಉಗಿ ಗಾಲಿ ತಿರಗಸತೈತಿ. ಗಾಲಿ ತಿರುಗಿದ್ರನ ಕರೆಂಟು," ಎಂದು ಯಜಮಾನರು ಕರೆದೊಯ್ದು ತೋರಿಸಿದರು. ಒಲೆಯ ಬಾಗಿಲು ತೆರೆದೊಡನೆ ಮುಖಕ್ಕೆ ಬಡಿದ ಝಳಕ್ಕೆ ಹಿಂದೆ ಸರಿದು ಗೋಡೆಗೆ ತಾಗಿದೆ. ನಮ್ಮ ಮನೆಯ ಮಂಕು ಬಲ್ಬಿನ ಹಿಂದೆ ಇಂಥ ಬೆಂಕಿಯೇ!

ಪಕ್ಕದ ಮನೆಯಲ್ಲಿ, ಮಿಲ್ಲಿಗೆ ಹೋಗುವ ಮಗನ ಜೊತೆ, ಒಬ್ಬ ಮುದುಕಿ ಇದ್ದರು. ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಮಿಲ್ಲಿನ ಹಿಂದಿನ ಬೂದಿ ಗುಡ್ಡೆಯಲ್ಲಿ ಅರೆಬೆಂದ ಇದ್ದಲು ಆರಿಸಿ ತಂದರೆ ಶಿಗಡಿ ಒಲೆಗೆ ಸಾಕಾಗುತ್ತದೆ ಎಂದು ನನಗೆ ಕಲಿಸಿದವರು ಅವರೇ. ಎಲ್ಲ ಹೆಂಗಸರೂ ಹೋಗುತ್ತಿದ್ದರು.

ಒಂದು ಮುಂಜಾನೆ ಇಬ್ಬರೂ ಬುಟ್ಟಿ ಹಿಡಿದು ಹೋದೆವು. ಗುಡ್ಡೆ ತಣ್ಣಗೆ, ಬೆಳ್ಳಗೆ ಮಲಗಿತ್ತು. ಒಂದು ನಾಯಿ ಕೂಡ ಅದರಂಚಿನಲ್ಲಿ ಮುದುಡಿಕೊಂಡಿತ್ತು. ಮಾತಾಡುತ್ತಲೇ ಮೇಲೆ ಹತ್ತಿದ ಖಾಲಾ ಫಕ್ಕನೆ ಗಿಡ್ಡವಾದಂತೆ ಕಂಡರು. ಒಂದು ಕಾಲು ಮೊಣಕಾಲಿನವರೆಗೆ ಒಳಗಿಳಿದಿತ್ತು. ಬೂದಿಯ ತೂತಿನಲ್ಲಿ ಕೆಂಪು ಕೆಂಡ ನಿಗಿನಿಗಿ.

"ಯಾ ಅಲ್ಲಾ! ಎಳಿ ಬೇಟಿ, ಎಳಿ!"

ಕೈ ಹಿಡಿದು ಎಳೆದೆ. ಇಬ್ಬರೂ ಉರುಳಿ ಕೆಳಗೆ ಬಿದ್ದೆವು. ನಾನು ನೀರು, ನೀರು ಎಂದು ಚೀರಿದೆ. ಬಾಯ್ಲರಿನ ಕಡೆಯಿಂದ ಕೊಡ ನೀರು ಹೊತ್ತು ಓಡಿಬಂದವರು ಯಜಮಾನರೇ. ನೀರು ಸುರಿದರು, ಗುಡ್ಡೆಯ ಕಡೆ ನೋಡಿದರು.

"ಈಗ ನಸುಕಿನ್ಯಾಗ ನಾನ ಸುರುವೇನಿ ಆ ಬೂದಿ."

ದವಾಖಾನೆಯಲ್ಲಿ ಖಾಲಾರ ಕಾಲಿನ ಎರಡು ಬೆರಳು ತೆಗೆದರು. ಆಮೇಲೆ ಮಿಲ್ಲಿನವರು ಗುಡ್ಡೆಯ ಸುತ್ತ ತಂತಿಬೇಲಿ ಹಾಕಿಸಿ, ಬೂದಿಗೆ ನೀರು ಹೊಡೆದೇ ಸುರಿಯಬೇಕೆಂದು ಹೇಳಿದರು. ಎಷ್ಟೋ ದಿನ ಯಜಮಾನರಿಗೆ ಅನ್ನ ಸೇರಲಿಲ್ಲ. ಬಲ್ಬು ಹಾಕಲು ಕೈ ಎತ್ತಿದರೆ ನನಗೆ ಆ ಕೆಂಪು ತೂತೇ ಕಣ್ಣಿಗೆ ಬರುತ್ತಿತ್ತು.

ಖಾಲಾ ಟಿಕೋಟಾದ ಮಗಳ ಮನೆಗೆ ಹೋದರು. ನಾವು ಬಸ್ಸು ಹತ್ತಿ ನೋಡಲು ಹೋದಾಗ ಕಾಲು ಚಾಚಿಕೊಂಡು ಜೋಳ ಹಸನು ಮಾಡುತ್ತಿದ್ದರು. ಯಜಮಾನರು ಒಳಗೆ ಬರಲಾರದೆ ಅಂಗಳದಲ್ಲೇ ನಿಂತರು.

"ಬಾರೋ ಯಪ್ಪಾ, ಅಲ್ಲ್ಯಾಕ ನಿಂತಿ?" ಎಂದರು ಖಾಲಾ. "ಚಾ ಆರಾಕತ್ತೈತಿ."