ನವಮಿಯ ದಿನ ನೊಣಗಳಿಗೆ ಬಡಿಸಿದ್ದು

ನೊಣ ಸುಮ್ಮನೆ ಕುಳಿತಾಗ ಮುಂಗಾಲುಗಳನ್ನು ಉಜ್ಜಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ. ಎಲೆಯ ಮುಂದೆ ಕುಳಿತು, ಬಡಿಸುವವರು ಇನ್ನೂ ಪಂಕ್ತಿಯ ಆ ತುದಿಯಲ್ಲೇ ಇರುವುದನ್ನು ಕಂಡ ಅತಿಥಿಯ ಭಂಗಿ ಅದು. ಕಳೆದ ದುರ್ಗಾಪೂಜೆಯ ರಜೆಯಲ್ಲಿ ನನಗೆ ಅದನ್ನು ಬಲು ಹತ್ತಿರದಿಂದ ನೋಡುವ ಯೋಗ ಬಂತು. ಸಾಲ್ಟ್ ಲೇಕಿನ ನಮ್ಮ ಮನೆಯ ಮೇಜಿನ ಮೇಲೆ ನಾಲ್ಕು ಬಲೆಡಬ್ಬಿಗಳ ತುಂಬ ಹೆಣ್ಣು ನೊಣಗಳಿದ್ದವು. ಅವುಗಳ ಪಾಲಕ ನಾನು.

ನೊಣಗಳು ನನ್ನ ಹೆಂಡತಿ ವಸುಧಾಳ ಸಂಶೋಧನೆಯವು. ಪ್ರಯೋಗಾಲಯಕ್ಕೆ ಬೀಗ ಬಿದ್ದಿತ್ತು, ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಅವಳು ಧಾರವಾಡಕ್ಕೆ ಹೊರಟಿದ್ದಳು. "ಸಕ್ರಿ ನೀರು ಬಿಟ್ಟು ಬ್ಯಾರೆ ಏನೂ ಹಾಕಬ್ಯಾಡ್ರಿ" ಎಂದು ಬಾಗಿಲಲ್ಲಿ ಎರಡು ಸಲ ಹೇಳಿದಳು. ಈ ಜಾತಿಯ ನೊಣ ಸಕ್ಕರೆ ನೀರಿನಲ್ಲಿ ಬದುಕುತ್ತದೆ, ಆದರೆ ಮೊಟ್ಟೆ ಬಲಿಯುವುದಿಲ್ಲ. ಮಾಂಸ ಸಿಕ್ಕ ಮೇಲೆಯೇ ಮೈಯ ಕೊಬ್ಬು ಒಂದು ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅಂಡಾಶಯ ಅದನ್ನು ಹೀರಿ, ಕೋಳಿಮೊಟ್ಟೆಯ ಹಳದಿಯಂತೆ, ಮರಿಯ ಬುತ್ತಿಯಾಗಿ ತುಂಬಿಕೊಳ್ಳುತ್ತದೆ. ಅದಕ್ಕೂ ಮುಂಚೆ ಅಂಡಾಶಯ ಹೇಗೆ ಕಾದಿರುತ್ತದೆ ಎಂಬುದು ವಸುಧಾಳ ಪ್ರಶ್ನೆ. ಮೂರು ತಿಂಗಳ ಕೆಲಸ ಆ ಡಬ್ಬಿಗಳಲ್ಲಿತ್ತು.

ನವಮಿಯ ಮಧ್ಯಾಹ್ನ ಎದುರುಮನೆಯ ಬಂಗಾಳಿ ಚಿಕ್ಕಮ್ಮ, ಎಂದರೆ ನಮ್ಮ ಮಾಶಿಮಾ, ಹಬ್ಬದ ಮಟನ್ ಬಟ್ಟಲು ಹಿಡಿದು ಬಂದರು. ನಾವು ಸಸ್ಯಾಹಾರಿಗಳೆಂಬುದನ್ನು ಅವರು ಪ್ರತಿ ಪೂಜೆಗೂ ತಪ್ಪದೆ ಮರೆಯುತ್ತಾರೆ. ಡಬ್ಬಿಗಳನ್ನು ಕಂಡು, "ಏ ಬಾಬಾ, ಪೂಜೊ ದಿನಾನೂ ಇವಕ್ಕೆ ಬರೀ ಚೀನಿ ನೀರಾ? ಹೆಂಗಸರು ಅಂತೀಯ, ಪಾಪ!" ಎಂದರು. ನಾನು ನಕ್ಕು ಚಹಾ ಮಾಡಲು ಒಳಗೆ ಹೋದೆ. ಮರಳಿದಾಗ ಮೂರನೆಯ ಡಬ್ಬಿಯಲ್ಲಿ ಮಾಂಸದ ಎಳೆಯೊಂದು ಬಿದ್ದಿತ್ತು, ನೊಣಗಳು ಮುತ್ತಿದ್ದವು.

"ಒಂದಕ್ಕೇ ಹಾಕಿದ್ದು," ಎಂದ ಮಾಶಿಮಾ ನನ್ನ ಮುಖ ನೋಡಿ, "ಒಂದಕ್ಕೇ ಅನ್ಸುತ್ತೆ" ಎಂದರು.

ಆ 'ಅನ್ಸುತ್ತೆ' ನನ್ನ ವಿಜಯದಶಮಿಯನ್ನು ನುಂಗಿತು. ಇಕ್ಕಳದಿಂದ ಎಳೆಯನ್ನು ತೆಗೆದೆ. ಸುಮ್ಮನಿದ್ದುಬಿಡಬಹುದಿತ್ತು, ನೊಣಗಳು ದೂರು ಹೇಳುವುದಿಲ್ಲ. ಆದರೂ ಒಂದು ಚೀಟಿ ಬರೆದೆ: ಮೂರನೆಯ ಡಬ್ಬಿ, ಹನ್ನೆರಡು ಹತ್ತು, ಬೇಯಿಸಿದ ಮಾಂಸ. ಉಳಿದ ಮೂರಕ್ಕೆ ಹಾಕಿದ್ದನ್ನೂ ನೋಡಿಲ್ಲ, ಹಾಕದ್ದನ್ನೂ ನೋಡಿಲ್ಲ, ನಾನು ಒಳಗಿದ್ದೆ. 'ಒಳಗಿದ್ದೆ' ಎಂದು ಬರೆಯುವಾಗ ಪೆನ್ನು ಸಾಕಷ್ಟು ಹೊತ್ತು ನಿಂತಿತು.

ಊರಿಂದ ಬಂದ ವಸುಧಾ ಚೀಟಿ ಓದಿದಳು, ಮಡಿಚಿ ಪರ್ಸಿಗೆ ಹಾಕಿಕೊಂಡಳು. ಡಬ್ಬಿಗಳನ್ನು ಇಬ್ಬರೂ ಪ್ರಯೋಗಾಲಯಕ್ಕೆ ಹೊತ್ತೆವು. ಅವಳು ಮೊದಲನೆಯದರಿಂದ ಕೆಲವು ನೊಣಗಳನ್ನು ತೆಗೆದು, ಹೊಟ್ಟೆ ಬಿಡಿಸಿ, ಸೂಕ್ಷ್ಮದರ್ಶಕಕ್ಕೆ ಬಾಗಿದಳು. "ಹಸದಾವ." ಎರಡನೆಯದು. "ಇವೂ ಹಸದಾವ." ನಾಲ್ಕನೆಯದಕ್ಕೆ ಬಹಳ ಹೊತ್ತು ತೆಗೆದುಕೊಂಡಳು. "ಹಸದಾವ್ರೀ."

ಕೊನೆಗೆ ಮೂರನೆಯದನ್ನು ನನಗೇ ತೋರಿಸಿದಳು. ಉಳಿದವುಗಳಲ್ಲಿ ಗಾಜಿನೆಳೆಯಂತಿದ್ದ ಅಂಡಾಶಯ ಇಲ್ಲಿ ಬೆಳ್ಳಗೆ, ಒತ್ತೊತ್ತಾಗಿ, ಅಕ್ಕಿ ತುಂಬಿದ ಚೀಲದಂತೆ ಉಬ್ಬಿತ್ತು. ಒಂದು ಎಳೆ ಮಾಂಸಕ್ಕೆ ಇಷ್ಟು!

"ಇದೊಂದನ್ನ ಹೊರಗಿಡತೀನಿ. ಚೀಟಿ ಇರದಿದ್ರ ಯಾವುದನ್ನೂ ನಂಬೂ ಹಂಗಿರಲಿಲ್ಲ, ನಾಲ್ಕೂ ಚೆಲ್ಲತಿದ್ದೆ," ಎಂದಳು. ಆಮೇಲೆ, "ಮಾಶಿಮಾಗ ಹೇಳಬ್ಯಾಡ್ರಿ ಮತ್ತ. ಉಳಿದ ಮೂರಕ್ಕೂ ತಂದಾರು."

ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತೆ. ಅಷ್ಟು ಹೊತ್ತೂ ನಿಂತೇ ಇದ್ದೆನೆಂಬುದು ಕುಳಿತ ಮೇಲೆ ತಿಳಿಯಿತು.